ಮೂರು ನಲವತ್ತೊಂದರ ಒಪ್ಪಿಗೆ

ಇನ್ನೊಬ್ಬನ ತಲೆಯೊಳಗೆ ಹೊಕ್ಕು ಅಲ್ಲಿ ನಡೆದದ್ದನ್ನು ಹೇಳುತ್ತೇನೆಂದು ಹೊರಡುವುದು ಅಧಿಕಪ್ರಸಂಗವೇ ಸರಿ, ಅದರಲ್ಲೂ ಅದು ಬೇರೆಯವರ ಮಾತನ್ನು ಭಾಷೆ ಬದಲಿಸಿ ಹೇಳಿ ಹೊಟ್ಟೆ ಹೊರೆಯುವ ಒಬ್ಬ ದುಭಾಷಿಯ ತಲೆಯಾದರೆ ಇನ್ನೂ ಹೆಚ್ಚಿನ ಅಧಿಕಪ್ರಸಂಗ, ತಪ್ಪಿದ್ದಲ್ಲಿ ಹೊಟ್ಟೆಗೆ ಹಾಕಿಕೊಳ್ಳಬೇಕು — ಹೊಟ್ಟೆ, ಹೌದು, ಈ ಹೊತ್ತಿನಲ್ಲಿ ರೊಹೇಲಿಯೊ ಸಮಾರ್ರಿಪನನ್ನು ಕಾಡುತ್ತಿರುವುದೂ ಅದೇ, ಕಾರಿನ ಮುಂದಿನ ಗಾಜಿನ ಮೇಲೆ ಸರೋವರದ ಹುಳುಗಳು ನಿನ್ನೆಯಿಂದ ಜಜ್ಜಿಕೊಂಡು ಒಣಗಿವೆ, ಬೇಸಿಗೆಯಲ್ಲಿ ಈರಿ ಸರೋವರದಿಂದ ಮೋಡದ ಹಾಗೆ ಎದ್ದು ಬರುವ ಇವು ಒಂದು ದಿನ ಬದುಕಿ ಊರಿನ ಗೋಡೆ, ದೀಪ, ಕಾರು ಎಲ್ಲಕ್ಕೂ ಅಂಟಿಕೊಂಡು ಸಾಯುತ್ತವೆ, ಸತ್ತ ಮೇಲೆ ಕೊಳೆತ ಮೀನಿನ ವಾಸನೆ, ಅವನು ನೀರು ಚಿಮ್ಮಿಸಿ ವೈಪರ್ ಹಾಕುತ್ತಾನೆ, ಹಾಕಬಾರದಿತ್ತು, ಒಣಗಿದ್ದೆಲ್ಲ ಈಗ ಲೋಳೆಯಾಗಿ ಗಾಜಿನ ತುಂಬ ಹರಡಿಕೊಂಡಿತು, ಕೀವಿನಂಥ ಹಳದಿ, ಒಂದು ರೆಕ್ಕೆಯ ಚೂರು ವೈಪರಿಗೆ ಸಿಕ್ಕಿಕೊಂಡು ಅತ್ತಿಂದಿತ್ತ ಎಳೆದಾಡುತ್ತಿದೆ, ಇವಕ್ಕೆ ಬಾಯಿಯೇ ಇಲ್ಲವಂತೆ, ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರು, ತಿನ್ನುವುದಕ್ಕೂ ಬಾಯಿಲ್ಲ, ಯಾವುದಕ್ಕೂ ಇಲ್ಲ, ಎಂಥ ಮರ್ಯಾದೆಯ ಬದುಕು — ಸ್ಟೀರಿಂಗ್ ಹಿಡಿದ ಬೆರಳುಗಳಿಂದ ಇನ್ನೂ ಕೋಳಿಯ ವಾಸನೆ ಬರುತ್ತಿದೆ, ವಿನಿಗರ್, ಬೆಣ್ಣೆ, ಕೆಂಪು ಮೆಣಸು, ಮೂರು ಸಲ ಸೋಪು ಹಾಕಿ ತೊಳೆದ, ಉಗುರಿನ ಸಂದಿಗೆ ಹಲ್ಲುಕಡ್ಡಿ ಹಾಕಿ ಕೆರೆದ, ಹೋಗಲಿಲ್ಲ, ಪಕ್ಕದ ಸೀಟಿನಲ್ಲಿ ಕೂತಿರುವ ಕಾಯೊನಿಗೂ ಈ ವಾಸನೆ ಬರುತ್ತಿರಬೇಕು, ಕಾಯೊ, ಅಂದರೆ ಲೆಯೊಕಾದಿಯೊ ತೆಹೇದಾ, ಮೂವತ್ತಾರು ವರ್ಷ, ಸ್ಟೀಲ್‌ಹೆಡ್ಸ್ ಬೇಸ್‌ಬಾಲ್ ತಂಡದ ಕ್ಯಾಚರ್, ಅಂದರೆ ಪಿಚರ್ ಎಸೆದ ಚೆಂಡನ್ನು ಮಂಡಿ ಮಡಿಸಿ ಕೂತು ಹಿಡಿಯುವವನು, ಇವತ್ತು ಮಧ್ಯಾಹ್ನ ಮೂರು ನಲವತ್ತರವರೆಗೆ ಆ ತಂಡದ ಕ್ಯಾಚರ್, ಈಗ ಸಂಜೆ ಐದೂವರೆ, ಈಗ ಅವನು ಪಶ್ಚಿಮ ತೀರದ ಯಾವುದೋ ತಂಡದವನು, ಮಂಡಿಗಳ ಮಧ್ಯೆ ಒಂದು ಚೀಲ ಇಟ್ಟುಕೊಂಡು ವಿಮಾನ ನಿಲ್ದಾಣಕ್ಕೆ ಹೋಗುತ್ತಿದ್ದಾನೆ, ಕಾರು ಓಡಿಸುತ್ತಿರುವವನು ಐದು ವರ್ಷದಿಂದ ಅವನ ದುಭಾಷಿ.

ರೇಡಿಯೋ ಹಾಕಬಾರದಿತ್ತು, ಆದರೆ ಕಾರು ಚಾಲೂ ಆದ ಕೂಡಲೆ ಅದೂ ಚಾಲೂ ಆಗುತ್ತದೆ, ಐದೂವರೆಗೆ ಊರಿನವರು ಫೋನ್ ಮಾಡಿ ಬಯ್ಯುವ ಕಾರ್ಯಕ್ರಮ, ಒಬ್ಬ ಮುದುಕನ ದನಿ, ಕೊನೆಗೂ ತೊಲಗಿಸಿದ್ರಲ್ಲಪ್ಪ, ಆ ಮನುಷ್ಯ ಕೂತ್ರೆ ಏಳೋಕೆ ಕ್ರೇನ್ ಬೇಕು, ಇಪ್ಪತ್ಮೂರು ಮಿಲಿಯನ್ ಡಾಲರ್ ಕೊಟ್ಟು ನಾವು ಅವನ ಮಂಡಿ ಲಟಲಟ ಅನ್ನೋದನ್ನ ಕೇಳ್ತಾ ಕೂತಿದ್ವಿ — ಕಾರ್ಯಕ್ರಮ ನಡೆಸುವವನು ನಗುತ್ತಾನೆ, ಅವನ ನಗುವಿಗೂ ಒಂದು ವಾಸನೆ ಇದೆ — ಇನ್ನೊಬ್ಬ, ಮೇ ತಿಂಗಳಲ್ಲೇ ಕೊಟ್ಟಾಕ್ಬೇಕಿತ್ತು ಸಾರ್, ಆಗ ಅವನನ್ನ ಕೇಳೋ ಹಂಗೇ ಇರ್ಲಿಲ್ಲ, ಮೂಟೆ ಎತ್ತಿ ಲಾರಿಗೆ ಹಾಕ್ದಂಗೆ ಹಾಕ್ಬೋದಿತ್ತು — ಆಮೇಲೆ ಒಬ್ಬ ಹೆಂಗಸು, ಅವಳ ದನಿ ಗದ್ಗದ, ನೀವೆಲ್ಲ ಏನ್ ಮಾತಾಡ್ತಿದೀರ, ನಮ್ಮ ಪಿಚರ್ ಹುಡುಗ್ರನ್ನೆಲ್ಲ ತಯಾರು ಮಾಡ್ದೋನು ಯಾರು, ಅವನು ಮುಂದೆ ಕೂತಿದ್ರೆ ತಾನೆ ಅವರ ಕೈ ನಡುಗದೆ ಎಸೀತಿದ್ದು — ಅಮ್ಮಾ, ಎಂದ ನಡೆಸುವವನು, ಕೈ ನಡುಗದೇ ಇರೋಕೆ ಇಪ್ಪತ್ಮೂರು ಮಿಲಿಯನ್ನಾ, ನಂಗೆ ಹತ್ತು ಡಾಲರ್ ಕೊಡಿ, ನಾನೇ ಕೈ ಹಿಡ್ಕೊತೀನಿ — ಮತ್ತೆ ನಗು. ರೊಹೇಲಿಯೊ ರೇಡಿಯೋ ಆರಿಸಿದ. ಏನಂತಿದ್ರು, ಎಂದು ಕಾಯೊ ಕಿಟಕಿಯ ಆಚೆ ನೋಡುತ್ತಲೇ ಸ್ಪ್ಯಾನಿಷ್‌ನಲ್ಲಿ ಕೇಳಿದ, ವೇಗದ ಇಂಗ್ಲಿಷ್ ಅವನಿಗೆ ಹಿಡಿಯುವುದಿಲ್ಲ. ಹವಾಮಾನ, ಎಂದ ರೊಹೇಲಿಯೊ. ಹವಾಮಾನಕ್ಕೆ ನನ್ನ ಹೆಸರು ಇಟ್ಟಿದ್ದಾರಾ ಎಂದ ಕಾಯೊ, ನಗಲಿಲ್ಲ. ನೋಡು, ಈಗಲೂ, ಈ ಗಳಿಗೆಯಲ್ಲೂ ಬಾಯಿಗೆ ಬಂದದ್ದು ಸುಳ್ಳೇ, ನಾಲಿಗೆಗೆ ಅದು ಅಭ್ಯಾಸವಾಗಿಹೋಗಿದೆ, ಐದು ವರ್ಷದಲ್ಲಿ ಎಷ್ಟು ಬೈಗುಳ ಸೋಸಿ ಹವಾಮಾನ ಮಾಡಿಕೊಟ್ಟಿದ್ದಾನೆ, ಅದನ್ನೆಲ್ಲ ಕರುಣೆ ಎಂದುಕೊಂಡಿದ್ದ, ಒಳ್ಳೆಯ ಕೆಲಸ ಎಂದುಕೊಂಡಿದ್ದ, ಅಲ್ಲವೇನೋ, ಸೋಸಿ ಸೋಸಿ ಕೈ ಪಳಗಿತ್ತು ಅಷ್ಟೇ.

ಮೂಟೆ ಎಂದನಲ್ಲ ಆ ರೇಡಿಯೋದವನು, ತಿಳಿಯದೆಯೇ ಸರಿಯಾಗಿ ಹೇಳಿದ, ಕಾಯೊನನ್ನು ಮೂರು ಸಲ ಮೂಟೆಯಂತೆಯೇ ಕೊಟ್ಟದ್ದು, ಮೊದಲ ಸಲ ಅವನಿಗೆ ಇಪ್ಪತ್ಮೂರು, ಕೆಳಗಿನ ಲೀಗಿನಲ್ಲಿದ್ದ, ಎರಡು ತಂಡಗಳ ಕರಾರಿನಲ್ಲಿ ಅವನ ಹೆಸರು ಕೂಡ ಇರಲಿಲ್ಲ, 'ಆಮೇಲೆ ಹೆಸರು ಹೇಳಲಾಗುವ ಆಟಗಾರ' ಎಂದಷ್ಟೇ ಬರೆದಿದ್ದರು, ಮೂರು ತಿಂಗಳಾದ ಮೇಲೆ ಹೆಸರು ಹೇಳಿದರು, ಅದೂ ಅವನಿಗೆ ಹೇಳಿದ್ದು ಬಸ್ಸಿನ ಡ್ರೈವರ್, ಎರಡನೆಯ ಸಲ ವಿಮಾನ ನಿಲ್ದಾಣದ ಟಿವಿಯಲ್ಲಿ ತನ್ನ ಮುಖ ನೋಡಿ ತಿಳಿದುಕೊಂಡ, ಮೂರನೆಯ ಸಲ, ಈ ಊರಿಗೆ ಬಂದಾಗ, ಹೆಂಡತಿ ಆಲ್ತಾ ಮನೆಗೆ ಪರದೆ ಹೊಲಿಸುತ್ತಿದ್ದಳಂತೆ, ಹೊಲಿಯುವವಳೇ ಕೇಳಿದಳಂತೆ, ಈ ಪರದೆ ಇನ್ನು ಬೇಕೇನಮ್ಮ, ನಿಮ್ಮ ಯಜಮಾನರನ್ನ ಕೊಟ್ಟುಬಿಟ್ರಂತಲ್ಲ. ಮೂರು ಸಲವೂ ಆಲ್ತಾಗೆ ಬೇರೆಯವರ ಬಾಯಿಂದಲೇ ಗೊತ್ತಾಯಿತು, ಅದು ಕಾಯೊನಿಗೆ ಮಂಡಿಗಿಂತ ಹೆಚ್ಚು ನೋವು ಕೊಡುವ ವಿಷಯ. ಅದಕ್ಕೇ ಜೂನ್ ತಿಂಗಳಲ್ಲಿ ಆಡು ಕೊಯ್ದದ್ದು. ಈ ಆಟದಲ್ಲಿ ಒಂದು ಕಾಯಿದೆ ಇದೆ, ದೊಡ್ಡ ಲೀಗಿನಲ್ಲಿ ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವನನ್ನು ಅವನ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡುವಂತಿಲ್ಲ, ಹೆಚ್ಚಿನವರು ಅಷ್ಟು ದೂರ ಬರುವುದೇ ಇಲ್ಲ, ಭುಜವೋ ಮಂಡಿಯೋ ಮೊದಲೇ ಕೈಕೊಡುತ್ತದೆ, ಕಾಯೊನ ಐದು ವರ್ಷ ಜೂನ್ ಹನ್ನೊಂದಕ್ಕೆ ತುಂಬಿತು, ಅವನು ಹಿತ್ತಿಲಲ್ಲಿ ಓರೆಗಾನೊ ಸೊಪ್ಪು ಹಾಕಿ ಆಡಿನ ಮಾಂಸ ಬೇಯಿಸಿದ, ರಮ್ಮಿನ ಲೋಟ ಎತ್ತಿ, ಕೊಂಪಾಯ್, ಇವತ್ತಿಂದ ನನ್ನ ಹತ್ರನೂ ಒಂದು 'ಇಲ್ಲ' ಇದೆ, ಎಂದ. ಉಪಯೋಗಿಸ್ತೀಯಾ ಎಂದು ರೊಹೇಲಿಯೊ ಕೇಳಿದ್ದ. ಉಪಯೋಗಿಸೋದು ಬಿಡೋದು ಆಮೇಲೆ, ಜೇಬಲ್ಲಿ ಇದೆಯಲ್ಲ, ಹೌದು ಅಂದ್ರೂ ಅದು ನಾನು ಅಂದಿದ್ದಾಗುತ್ತಲ್ಲ, ಆಲ್ತಾಳನ್ನ ಕೂರಿಸ್ಕೊಂಡು ಕೇಳಿ ಆಮೇಲೆ ಅನ್ನಬೋದಲ್ಲ — ಕೊಂಪಾಯ್, ತನ್ನ ಮಗುವಿನ ಧರ್ಮತಂದೆಯನ್ನು ಸಾಂತೊ ದೊಮಿಂಗೊ ಇರುವ ಅವರ ದ್ವೀಪದಲ್ಲಿ ಕರೆಯುವ ಮಾತು ಅದು, ರೊಹೇಲಿಯೊನಿಗೂ ಕಾಯೊನ ಮಕ್ಕಳಿಗೂ ಅಂಥ ಸಂಬಂಧವೇನಿಲ್ಲ, ಆದರೂ ಅವನು ಮೊದಲ ವರ್ಷದಿಂದಲೇ ಹಾಗೆ ಕರೆದ, ಕರೆಸಿಕೊಳ್ಳಲು ಏನೂ ಮಾಡದವನನ್ನು ಹಾಗೆ ಕರೆಯುವುದು, ಆ ಮಾತು ನೆನಪಾಗಿ ರೊಹೇಲಿಯೊ ಮತ್ತೊಮ್ಮೆ ವೈಪರ್ ಹಾಕುತ್ತಾನೆ.

ಹೆದ್ದಾರಿಯ ಮೇಲೆ ಲಾರಿಯೊಂದು ಟೊಮೇಟೊ ತುಂಬಿಕೊಂಡು ಹೋಗುತ್ತಿದೆ, ಒಂದೆರಡು ಉದುರಿ ಟೈರಿಗೆ ಸಿಕ್ಕಿ ಚಚ್ಚಿಹೋಗುತ್ತವೆ — ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಮೇಲಿನ ಕೋಣೆಗೆ ಕರೆ ಬಂದಾಗಲೇ ರೊಹೇಲಿಯೊ ಗಡಿಯಾರ ನೋಡಿದ್ದ, ಇವತ್ತು ಜುಲೈ ಮೂವತ್ತೊಂದು, ನಾಲ್ಕು ಗಂಟೆಗೆ ಅದಲುಬದಲಿನ ಬಾಗಿಲು ಮುಚ್ಚುತ್ತದೆ, ಆಮೇಲೆ ಈ ವರ್ಷಕ್ಕೆ ಯಾರನ್ನೂ ಕೊಡುವಂತಿಲ್ಲ, ತರುವಂತಿಲ್ಲ, ಎಲ್ಲ ತಂಡಗಳ ದೊಡ್ಡವರೂ ಆ ದಿನ ಸ್ನಾನ ಮಾಡದೆ ಫೋನಿಗೆ ಅಂಟಿಕೊಂಡಿರುತ್ತಾರೆ, ಹಾಲಿಸ್ಟರ್ ಕೂಡ, ತಂಡವನ್ನು ಕಟ್ಟುವುದು ಕೆಡವುವುದು ಅವನ ಕೈಯಲ್ಲಿ, ನಲವತ್ತೂ ಆಗಿಲ್ಲ, ಮೇಜಿನ ಮೇಲೆ ಕೋಳಿರೆಕ್ಕೆಯ ಡಬ್ಬಿ, ಅವನು ಒಂದೊಂದನ್ನೇ ಎತ್ತಿ ಮೂಳೆಯಿಂದ ಮಾಂಸವನ್ನು ಹಲ್ಲಲ್ಲಿ ಎಳೆಯುತ್ತ, ಹೆಬ್ಬೆರಳು ನೆಕ್ಕುತ್ತ, ಫೋನಿನಲ್ಲಿ ಆ ಕಡೆಯವರೊಂದಿಗೆ ಮಾತಾಡುತ್ತಿದ್ದಾನೆ, ಈ ವರ್ಷದ್ದು ಮುಂದಿನ ವರ್ಷದ್ದು ಸೇರಿ ಎಂಟು ಮಿಲಿಯನ್ ನಾವು ತಿಂತೀವಿ, ಅದಕ್ಕಿಂತ ಹೆಚ್ಚು ತಿನ್ನೋಕಾಗಲ್ಲ, ಹೊಟ್ಟೆ ಒಡೆದು ಹೋಗುತ್ತೆ ಗುರೂ — ಆಟಗಾರನನ್ನು ಕಳಿಸಿದ ಮೇಲೂ ಅವನ ಸಂಬಳದ ಒಂದು ಪಾಲು ಹಳೆಯ ತಂಡವೇ ಕೊಡುವುದಕ್ಕೆ ಇವರು ತಿನ್ನುವುದು ಎನ್ನುತ್ತಾರೆ, ಐದು ವರ್ಷ ಈ ಮಾತನ್ನು ಕೇಳಿ ಸ್ಪ್ಯಾನಿಷ್‌ಗೆ ತಿರುಗಿಸಿದವನಿಗೆ ಇವತ್ತು ಮೊದಲ ಸಲ ಅದರ ಜೊಲ್ಲು ಕಾಣಿಸಿತು, ಯಾರದೋ ಮಂಡಿ, ಯಾರದೋ ಬೆನ್ನು, ತಿನ್ನುತ್ತಾರೆ, ಮೂಳೆಯನ್ನು ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿ ಇಡುತ್ತಾರೆ. ಫೋನು ಇಟ್ಟವನೇ ಹಾಲಿಸ್ಟರ್ ಇವರತ್ತ ತಿರುಗಿದ, ಬಾ ಕಾಯೊ ಬಾ, ಕೂತ್ಕೊ, ರೊಹೇಲಿಯೊ, ನೀನೂ ಕೂತ್ಕೊ, ತಗೋ ತಿನ್ನು — ರೊಹೇಲಿಯೊ ಎಂದ, ರಾಯ್ ಎನ್ನಲಿಲ್ಲ, ಐದು ವರ್ಷ ಇವನನ್ನು ರಾಯ್ ಎಂದೇ ಕರೆದವನು, ಒಮ್ಮೆ ರಾಬರ್ಟೊ ಎಂದೂ ಕರೆದಿದ್ದ, ಇವತ್ತು ಗಂಟಲಿನಿಂದ ಆ ಹಕಾರವನ್ನು ಸರಿಯಾಗಿ ಎಬ್ಬಿಸಿ ರೊಹೇಲಿಯೊ ಎಂದ, ಯಾರನ್ನೋ ಕೇಳಿ ಕಲಿತಿರಬೇಕು, ಬೆಳಿಗ್ಗೆ ಲಿಫ್ಟಿನಲ್ಲಿ ಸಿಕ್ಕಾಗ ಬೇರೆ, ಕಾಯೊ ಇರ್ಲಿ ಬಿಡ್ಲಿ, ನೀನು ನಮ್ಮವನು, ಮುಂದಿನ ವರ್ಷ ನಿನಗೆ ದೊಡ್ಡದೇನೋ ಯೋಚನೆ ಮಾಡಿದೀನಿ, ಎಂದಿದ್ದ, ರೊಹೇಲಿಯೊ ಥ್ಯಾಂಕ್ಸ್ ಸರ್ ಎಂದು ಹಲ್ಲು ಬಿಟ್ಟಿದ್ದ. ಒಂದು ರೆಕ್ಕೆ ತೆಗೆದುಕೊಂಡ. ಕಾಯೊ ತೆಗೆದುಕೊಳ್ಳಲಿಲ್ಲ. ಒಂದು ತೆಗೆದುಕೊಳ್ಳುವುದು ಸೌಜನ್ಯ, ಎಲ್ಲರೂ ತೆಗೆದುಕೊಳ್ಳುತ್ತಾರೆ, ಅದಕ್ಕೇನೂ ಅರ್ಥ ಇಲ್ಲ, ಇಲ್ಲವೆಂದೇ ಅಂದುಕೊಳ್ಳೋಣ.

ಹಾಲಿಸ್ಟರ್ ಹೇಳಿದ್ದನ್ನು ಇವನು ಸ್ಪ್ಯಾನಿಷ್‌ನಲ್ಲಿ ಹೇಳಿದ, ಕಾಯೊ, ಮನಸು ಬಿಚ್ಚಿ ಮಾತಾಡ್ತೀನಿ, ನಮ್ಮ ತಂಡ ಈ ವರ್ಷ ಎಲ್ಲೂ ಹೋಗಲ್ಲ, ಇಪ್ಪತ್ತೆರಡರ ಒಬ್ಬ ಹುಡುಗ ನಿನ್ನ ಜಾಗಕ್ಕೆ ಕಾದಿದಾನೆ, ಅಲ್ಲಿಗೆ ಹೋದ್ರೆ ನೀನು ಅಕ್ಟೋಬರ್‌ನಲ್ಲಿ ಕಪ್ಪಿಗೆ ಆಡ್ತೀಯ, ನಿನಗೆ ಒಳ್ಳೇದು ಮಾಡ್ಬೇಕು ಅನ್ನೋದೇ ನಮ್ಮಾಸೆ — ಅದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಹೇಸಿಗೆ, ಎಲ್ಲವೂ ನಿಜವೇ, ಆ ಹುಡುಗ ಒಳ್ಳೆಯವನೇ, ಕಾಯೊನ ಬ್ಯಾಟು ಎರಡು ವರ್ಷದಿಂದ ಮಲಗಿದೆ, ಮುಂದಿನ ವರ್ಷವೂ ಇಪ್ಪತ್ಮೂರು ಮಿಲಿಯನ್ ಕೊಟ್ಟು ಅವನನ್ನು ಇಟ್ಟುಕೊಂಡರೆ ಇಬ್ಬರು ಪಿಚರ್‌ಗಳನ್ನು ಕೊಳ್ಳಲಾಗುವುದಿಲ್ಲ, ತಾನೇ ಆ ಕುರ್ಚಿಯಲ್ಲಿದ್ದರೂ ಕಳಿಸುತ್ತಿದ್ದನೇನೋ, ಕಳಿಸುವುದು ಸರಿಯೇ ಇರಬಹುದು, ಯಾರಾದರೂ ಬೆರಳು ನೆಕ್ಕದೆ ಹೇಳಿದ್ದರೆ. ಕಾಯೊ ಕೇಳಿದ, ಪೂರ್ತಿ ಕೇಳಿದ, ಕ್ಯಾಚರ್‌ಗಳು ಹಾಗೆ ಕೇಳುತ್ತಾರೆ, ಅಲುಗಾಡದೆ. ಅವನ ಏಜೆಂಟ್ ಮಧ್ಯಾಹ್ನವೇ ಫೋನಿನಲ್ಲಿ ಕೈತೊಳೆದುಕೊಂಡಿದ್ದ, ನಿನ್ನಿಷ್ಟ, ನನ್ನದೇನೂ ಅಡ್ಡಿಯಿಲ್ಲ ಎಂದು, ಕಾಗದ ಮೇಜಿನ ಮೇಲಿತ್ತು, ಸಹಿಯ ಜಾಗದಲ್ಲಿ ಹಳದಿ ಚೀಟಿ, ಆಲ್ತಾ ಆ ಹೊತ್ತಿಗೆ ಸಾಂತೊ ದೊಮಿಂಗೊದಿಂದ ಬರುವ ವಿಮಾನದಲ್ಲಿದ್ದಾಳೆ, ಮೂರು ಐವತ್ತಕ್ಕೆ ಮಯಾಮಿಯಲ್ಲಿ ಇಳಿಯುತ್ತಾಳೆ, ಅದು ರೊಹೇಲಿಯೊನಿಗೆ ಗೊತ್ತಿತ್ತು, ಟಿಕೆಟ್ ಮಾಡಿಸಿದವನೇ ಅವನು. ಕಾಯೊ ಗೋಡೆಯ ಗಡಿಯಾರ ನೋಡಿದ, ಮೂರು ನಲವತ್ತೊಂದು, ಆಮೇಲೆ ಹೇಳಿದ, ಸರಿ, ಅಓರೀತ ಸಹಿ ಹಾಕ್ತೀನಿ. ಅಓರೀತ. ಈ ಒಂದು ಮಾತಿಗೆ ಈ ಭೂಮಿಯ ಮೇಲೆ ಎರಡು ಬಗೆಯ ಜನ ಇದ್ದಾರೆ, ರೊಹೇಲಿಯೊನ ಅಮ್ಮ ಮೆಕ್ಸಿಕೊದಿಂದ ಈ ಒಹಾಯೊ ಸೀಮೆಗೆ ಟೊಮೇಟೊ ಕೀಳಲು ಬಂದವಳು, ಅವಳು ಅಓರೀತ ಎಂದರೆ ಇಗೋ, ಈಗಲೇ, ಎದ್ದೆ, ಎಂದರ್ಥ, ಕಾಯೊನ ದ್ವೀಪದಲ್ಲಿ ಅಓರೀತ ಎಂದರೆ ಆಮೇಲೆ, ಈಗಲ್ಲ, ಇನ್ನೊಂದಿಷ್ಟು ಹೊತ್ತು ಹೋಗಲಿ, ಎಂದರ್ಥ. ಹಾಲಿಸ್ಟರ್ ಕೈಯಲ್ಲಿ ಫೋನು ಹಿಡಿದು, ಏನಂದ, ಏನಂದ, ಎಂದು ಹುಬ್ಬು ಎತ್ತಿದ್ದಾನೆ, ರೊಹೇಲಿಯೊ ಇಂಗ್ಲಿಷ್‌ನಲ್ಲಿ ಹೇಳಿದ, ಸರಿ ಅಂತಿದಾನೆ, ರೈಟ್ ನೌ, ಈಗಲೇ ಸಹಿ ಹಾಕ್ತಾನಂತೆ. ಅಷ್ಟೇ. ಮೂರು ನಲವತ್ತೊಂದಕ್ಕೆ. ಎರಡು ಪುಟ್ಟ ಮಾತು.

ಅಮ್ಮನ ಮೇಲೆ ಹಾಕಿಬಿಡಬಹುದು, ಮನೆಮಾತು ಬಾಯಿಗೆ ಬಂತು ಎನ್ನಬಹುದು, ಬೆಳಿಗ್ಗೆ ಕೆಚಪ್ ಕಾರ್ಖಾನೆಯಲ್ಲಿ ದುಡಿದು ಸಂಜೆ ಕಾಲೇಜಿಗೆ ಹೋಗಿ ಕಲಿತವನು, ಪಾಪ, ಎನ್ನಬಹುದು, ಯಾರಾದರೂ ಹಾಗೆಂದರೆ ರೊಹೇಲಿಯೊ ಅವರ ಕಾಲಿಗೆ ಬೀಳುತ್ತಾನೆ, ಆದರೆ ಆ ಸಂಜೆ ಕಾಲೇಜಿನಲ್ಲೇ ಬಿಯಾಸೆನ್ಯೋರ್ ಮೇಡಂ ಕರಿಹಲಗೆಯ ಮೇಲೆ ಬರೆದು ಕಲಿಸಿದ್ದು ಇದನ್ನೇ, ಒಂದು ಮಾತಿಗೆ ಎರಡು ಊರಲ್ಲಿ ಎರಡು ಅರ್ಥ ಇದ್ರೆ ದುಭಾಷಿ ತಾನೇ ಆರಿಸ್ಕೋಬಾರ್ದು ಮಕ್ಕಳೇ, ಕೈ ಎತ್ತಿ ಕೇಳ್ಬೇಕು, ನಾಚ್ಕೋಬೇಡಿ, ಕೋರ್ಟಲ್ಲಿ ಜಡ್ಜ್ ಮುಂದೇನೂ ಕೇಳ್ಬೇಕು, ಕೇಳದೆ ಇರೋದು ಕಳ್ಳತನ — ಕೆಚಪ್ಪಿನ ವಾಸನೆ ಹೊತ್ತುಕೊಂಡು ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ಬರೆದುಕೊಂಡಿದ್ದ, ಕೆಳಗೆ ಎರಡು ಗೆರೆ ಎಳೆದಿದ್ದ. ಅಷ್ಟೇ ಅಲ್ಲ, ಅದಕ್ಕಿಂತ ಕೆಟ್ಟದ್ದು ಇದೆ, ಮೊದಲ ವರ್ಷ ಕಾಯೊ ಹೋಟೆಲಿನಿಂದ ಫೋನ್ ಮಾಡಿ, ಕೊಂಪಾಯ್, ಅಓರೀತ ಊಟಕ್ಕೆ ಹೋಗೋಣ, ಎಂದಿದ್ದ, ಇವನು ಓಡಿಹೋಗಿ ಕೆಳಗೆ ಕಾದ, ಒಂದು ಗಂಟೆ ಇಪ್ಪತ್ತು ನಿಮಿಷ ಕಾದ, ಕಾಯೊ ಸ್ನಾನ ಮುಗಿಸಿ ನಿದ್ದೆ ಮುಗಿಸಿ ಇಳಿದು ಬಂದು, ಇಷ್ಟು ಬೇಗ ಯಾಕೆ ಬಂದೆ, ಎಂದ, ಆವತ್ತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ನಿಮ್ಮ ಅಓರೀತ ಅವಸರದ್ದು, ನಮ್ಮ ಅಓರೀತ ಸೋಮಾರಿದು, ಎರಡಕ್ಕೂ ಮದುವೆ ಮಾಡಿದ್ರೆ ಮಕ್ಕಳು ಸರಿಯಾದ ಹೊತ್ತಿಗೆ ಹುಟ್ತಾವೆ, ಎಂದಿದ್ದ ಕಾಯೊ, ಆಲ್ತಾ ಕೂಡ ಅದನ್ನೇ ಹೇಳಿ ಇವನನ್ನು ಆಡಿಸುತ್ತಿದ್ದಳು, ಹಾಗಾದರೆ ಗೊತ್ತಿತ್ತು, ಗೊತ್ತಿರಲೇಬೇಕು, ಆ ಮಾತಿನ ಅರ್ಥ ಗೊತ್ತಿಲ್ಲದ ದುಭಾಷಿ ಯಾರಾದರೂ ಈ ಲೀಗಿನಲ್ಲಿದ್ದರೆ ಅದು ರೊಹೇಲಿಯೊ ಅಂತೂ ಆಗಿರಲು ಸಾಧ್ಯವಿಲ್ಲ. ಗೊತ್ತಿತ್ತು, ಆದರೆ ಆ ಗಳಿಗೆಯಲ್ಲಿ ಗೊತ್ತಿತ್ತೇ, ಗೊತ್ತಿರುವುದಕ್ಕೂ ಆ ಗಳಿಗೆಯಲ್ಲಿ ಗೊತ್ತಿರುವುದಕ್ಕೂ ನಡುವೆ ಏನಾದರೂ ಇದೆಯೇ, ಇದ್ದರೆ ಅಲ್ಲಿ ಕೂತಿರುವುದು ಏನು, ಒಂದು ಕೋಳಿರೆಕ್ಕೆಯೇ, ಸರಿಯಾಗಿ ಉಚ್ಚರಿಸಿದ ಒಂದು ಹೆಸರೇ.

ಯಾಕೆಂದರೆ ಸಹಿ ಬೀಳುವ ಮೊದಲು ತಿದ್ದಿ ಹೇಳಲು ಹನ್ನೊಂದು ನಿಮಿಷ ಇತ್ತು. ಇದನ್ನು ಯಾರ ಮೇಲೂ ಹಾಕುವಂತಿಲ್ಲ. ಹಾಲಿಸ್ಟರ್ ಕೂಡಲೆ ಫೋನಿಗೆ ಬಾಯಿಕೊಟ್ಟ, ಒಪ್ಕೊಂಡ, ಸಹಿ ಹಾಕ್ತಿದಾನೆ, ಲೀಗಿನವರಿಗೆ ಹೇಳಿಬಿಡೋಣ, ನಡೀರಿ — ಆಮೇಲೆ ಡಬ್ಬಿಯನ್ನು ಮೇಜಿನ ಮೇಲೆ ಇವನತ್ತ ದೂಡಿದ, ರೊಹೇಲಿಯೊ, ತಿನ್ನಪ್ಪ, ಗೆದ್ವಿ — ಗೆದ್ವಿ ಎಂದ, ಆ 'ವಿ' ಇವನನ್ನೂ ಸೇರಿಸಿಕೊಂಡಿತು, ಇವನು ಎರಡನೆಯ ರೆಕ್ಕೆಯನ್ನು ಎತ್ತಿದ, ಮೊದಲನೆಯದು ಸೌಜನ್ಯ, ಇದು ಏನು, ಹಸಿವಿರಲಿಲ್ಲ, ಯಾರೂ ಬಲವಂತ ಮಾಡಲಿಲ್ಲ, ಹಲ್ಲಲ್ಲಿ ಎಳೆದ, ಜಗಿದ, ಬಾಯಿ ತುಂಬಿದೆ, ತುಂಬಿದ ಬಾಯಲ್ಲಿ ಮಾತಾಡಬಾರದು, ಅದಕ್ಕೇ ಮಾತಾಡಲಿಲ್ಲ, ಮೂರು ನಲವತ್ತೈದಕ್ಕೂ ಮಾತಾಡಲಿಲ್ಲ, ನಲವತ್ತೆಂಟಕ್ಕೂ ಇಲ್ಲ, ಕಾಯೊ ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತ ತನ್ನ ಫೋನಿನ ಕಡೆ ನೋಡುತ್ತಿದ್ದ, ಆಲ್ತಾ ಇಳಿಯಲಿ ಎಂದು, ಅಷ್ಟರಲ್ಲಿ ಗೋಡೆಯ ಟಿವಿಯಲ್ಲಿ, ದನಿ ಇಲ್ಲ, ಬರೀ ಚಿತ್ರ, ಕಾಯೊನ ಮುಖ ಬಂತು, ತಲೆಯ ಮೇಲೆ ಅವನು ಯಾವತ್ತೂ ಹಾಕದ ಟೋಪಿ, ಆ ಹೊಸ ತಂಡದ ಟೋಪಿಯನ್ನು ಆಗಲೇ ಕಂಪ್ಯೂಟರಿನಲ್ಲಿ ಅವನ ತಲೆಗೆ ಅಂಟಿಸಿದ್ದರು, ಸ್ವಲ್ಪ ವಾಲಿತ್ತು, ಮದುವೆಗೆ ಹೊರಟ ಹೆಣದ ಹಾಗಿದ್ದ. ಕಾಯೊ ಟಿವಿ ನೋಡಿದ. ಹಾಲಿಸ್ಟರ್ ಕಾಗದ ಸರಿಸಿ ಪೆನ್ನು ಕೊಟ್ಟು, ಊರಿಗೆಲ್ಲ ಗೊತ್ತಾಗೋಯ್ತಪ್ಪ ಕಾಯೊ, ಬೇಗ, ಬೇಗ, ಎಂದ. ಕಾಯೊ ಪೆನ್ನು ತೆಗೆದುಕೊಂಡ, ಅವನ ಬಲಗೈ ಉಗುರುಗಳಿಗೆ ತಿಳಿಹಸಿರು ಬಣ್ಣ, ಪಿಚರ್‌ಗಳಿಗೆ ದೂರದಿಂದ ಬೆರಳಿನ ಸನ್ನೆ ಕಾಣಲೆಂದು ಕ್ಯಾಚರ್‌ಗಳು ಹಚ್ಚಿಕೊಳ್ಳುತ್ತಾರೆ, ಚೆಂಡು ಬಡಿದು ಬಡಿದು ಸೊಟ್ಟಗಾದ ಬೆರಳುಗಳು, ಹೆಸರಿನ ಮೊದಲ ಅಕ್ಷರ ಬರೆದು ನಿಲ್ಲಿಸಿದ, ತಲೆ ಎತ್ತಿದ, ಹಾಲಿಸ್ಟರ್‌ನನ್ನು ನೋಡಲಿಲ್ಲ, ಟಿವಿಯನ್ನು ನೋಡಲಿಲ್ಲ, ರೊಹೇಲಿಯೊನ ಕಣ್ಣನ್ನೂ ಅಲ್ಲ, ಅವನ ಬಾಯಿಯನ್ನು ನೋಡಿದ. ಜಗಿಯುತ್ತಿದ್ದ ಬಾಯಿಯನ್ನು. ಅಂಟಂಟು ಕೆಂಪು ಮೆತ್ತಿದ್ದ ಬಾಯಿಯನ್ನು. ನೋಡಿ, ಆಮೇಲೆ ಉಳಿದ ಅಕ್ಷರಗಳನ್ನು ಬರೆದ. ಮೂರು ಐವತ್ತೆರಡು. ಮೂರು ಐವತ್ತನಾಲ್ಕಕ್ಕೆ ಆಲ್ತಾಳ ಫೋನು ಬಂತು, ವಿಮಾನದಲ್ಲಿ ಪಕ್ಕದ ಸೀಟಿನವನು ತನ್ನ ಫೋನಿನಲ್ಲಿ ಸುದ್ದಿ ನೋಡಿ ಅವಳಿಗೆ ಹೇಳಿದನಂತೆ, ನಾಲ್ಕನೆಯ ಸಲ, ಅವಳು ಏನಂದಳೋ, ಕಾಯೊ ಬಾಗಿಲ ಹೊರಗೆ ಹೋಗಿ ಗೋಡೆಗೆ ಹಣೆ ಒತ್ತಿ ಕೇಳಿಸಿಕೊಂಡ, ಹೂಂ, ಹೂಂ, ಇಲ್ಲ ನಿನ್ನ ಕೇಳ್ಬೇಕು ಅಂತಲೇ, ಹೂಂ, ಎಂದ.

ಆಗ ರೊಹೇಲಿಯೊ ಶೌಚಾಲಯಕ್ಕೆ ಹೋಗಿ ವಾಂತಿ ಮಾಡಲು ನೋಡಿದ, ಬರಲಿಲ್ಲ, ಬಂದಿದ್ದರೆ ಎಷ್ಟೋ ಮೇಲಿತ್ತು, ಮೈ ಮಾತ್ರ ಏನನ್ನೂ ಹೊರಹಾಕಲು ಒಪ್ಪಲಿಲ್ಲ, ಒಳಗೇ ಇಟ್ಟುಕೊಂಡಿತು, ಕನ್ನಡಿಯಲ್ಲಿ ಬಾಯಿ ಒರೆಸಿಕೊಂಡ, ಆ ಬಾಯಿ, ಕಾಯೊ ನೋಡಿದ ಬಾಯಿ — ಎಡಕ್ಕೆ ತಿರುಗು, ಎಂದು ಕಾಯೊ ಹೇಳುತ್ತಾನೆ, ವಿಮಾನ ನಿಲ್ದಾಣದ ಫಲಕ, ತಪ್ಪಿಹೋಗುತ್ತಿತ್ತು, ಇಂಡಿಕೇಟರ್ ಟಿಕ್ ಟಿಕ್ ಟಿಕ್, ಹೇಳಬೇಕು, ಈ ತಿರುವು ಕಳೆದ ಮೇಲೆ ಹೇಳಬೇಕು, ಆ ಸೇತುವೆ ಕಳೆದ ಮೇಲೆ, ಹೇಳಿ ಏನು ಪ್ರಯೋಜನ, ನಾಲ್ಕು ಗಂಟೆ ಆಗಿಹೋಯಿತು, ಬಾಗಿಲು ಮುಚ್ಚಿತು, ಸಹಿ ಸಹಿಯೇ, ಈಗ ಹೇಳಿದರೆ ಹಗುರಾಗುವುದು ಇವನು, ಭಾರ ಹೊರುವುದು ಅವನು, ಇದೂ ಒಂದು ಬಗೆಯ ತಿನ್ನುವುದೇ, ಹೇಳದೆ ಇದ್ದರೆ, ಹೇಳದೆ ಇದ್ದರೆ ಕಾಯೊ ಹಾಲಿಸ್ಟರ್‌ನೇ ಮೋಸ ಮಾಡಿದ ಎಂದುಕೊಂಡು ಹೋಗುತ್ತಾನೆ, ಹೋಗಲಿ, ಹಾಲಿಸ್ಟರ್‌ಗೆ ಅದೇನೂ ಭಾರವಲ್ಲ, ಇವನಿಗೆ ಮುಂದಿನ ವರ್ಷ ದೊಡ್ಡದೇನೋ, ಕಾಯೊ ಕ್ರಿಸ್‌ಮಸ್‌ಗೆ ರಮ್ ಕಳಿಸುತ್ತಾನೆ, ಕೊಂಪಾಯ್‌ಗೆ ಎಂದು ಬರೆದು ಕಳಿಸುತ್ತಾನೆ, ಅದನ್ನು ಕುಡಿಯಬೇಕು, ಥೂ.

ಹೊರಡುವ ಬಾಗಿಲಿನ ಮುಂದೆ ಕಾರು ನಿಲ್ಲಿಸಿದ, ಇಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸುವಂತಿಲ್ಲ, ಹೊಳೆಯುವ ಅಂಗಿ ತೊಟ್ಟ ಪೊಲೀಸಮ್ಮ ಮುಂದಿನ ಕಾರಿನವನಿಗೆ ಕೈ ಬೀಸುತ್ತಿದ್ದಾಳೆ, ಕಾಯೊ ಚೀಲವನ್ನು ಮಂಡಿಯ ಮಧ್ಯದಿಂದ ಎತ್ತಿ, ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟ, ಆ ಕಾಲು ನೆಟ್ಟಗಾಗಲು ಹೊತ್ತು ಬೇಕು, ಅದಕ್ಕಾಗಿ ಕಾದು ಕೂತ, ಆಗ ರೊಹೇಲಿಯೊನ ಬಾಯಿಂದ ಬಂತು, ಕಾಯೊ, ನೀನು ಅಓರೀತ ಅಂದಿದ್ದನ್ನ ನಾನು ಅವನಿಗೆ ಈಗಲೇ ಅಂತ ಹೇಳ್ದೆ, ನಿನ್ನ ಅಓರೀತ ಅಂದ್ರೇನು ಅಂತ ನನಗೆ ಗೊತ್ತು, ಆದ್ರೂ ಹೇಳ್ದೆ — ಹೇಳಿಬಿಟ್ಟ, ಈಗ ಬಯ್ಯಲಿ, ಹೊಡೆಯಲಿ, ಆ ಸ್ಟೀರಿಂಗಿಗೆ ಮುಖ ಗುದ್ದಲಿ, ರೊಹೇಲಿಯೊ ಕಾದ, ಬೇಕೆಂದೇ ಕಾದ, ಅದು ಸಿಕ್ಕರೆ ಎಲ್ಲ ತೊಳೆದುಹೋಗುತ್ತದೆ. ಗೊತ್ತು ಕೊಂಪಾಯ್, ಎಂದ ಕಾಯೊ. ಏನು ಗೊತ್ತು? ನೀನು ಅಂದಿದ್ದು ಕೇಳಿಸ್ತು, ನನಗೆ ಇಂಗ್ಲಿಷ್ ಬರಲ್ಲ ನಿಜ, ಆದ್ರೆ ನೌ ಅನ್ನೋದೂ ಗೊತ್ತಾಗಲ್ವಾ, ಹದಿನೆಂಟು ವರ್ಷ ಕೋಚುಗಳೆಲ್ಲ ನನ್ನ ಕಿವಿಗೆ ಕೂಗಿದ್ದು ಅದೊಂದೇ ತಾನೆ, ಓಡು ನೌ, ಎಸಿ ನೌ, ರೈಟ್ ನೌ ಅಂದೆ ನೀನು. ರೊಹೇಲಿಯೊ ಪೂರ್ತಿ ಅವನತ್ತ ತಿರುಗಿದ, ಮತ್ತೆ ಯಾಕೆ ಸುಮ್ನಿದ್ದೆ, ಅಲ್ಲೇ ಅನ್ನಬಾರದಿತ್ತಾ, ಇಲ್ಲ ಅಂತ ಒಂದು ಮಾತು — ನೀನು ಹೇಳ್ತಿದೀಯಲ್ಲ ಅಂತ ಸುಮ್ನಿದ್ದೆ, ಎಂದ ಕಾಯೊ, ಸಿಟ್ಟಿಲ್ಲ, ಬೆಳಿಗ್ಗೆ ಕಾಫಿ ಕುಡಿಯುವಾಗ ಮಾತಾಡುವ ದನಿ, ಐದು ವರ್ಷ ನನ್ನ ಬಾಯಾಗಿದ್ದೋನು, ಸುಮ್ಸುಮ್ನೆ ತಿರುಚ್ತಾನಾ, ಒಳಗಿನ ಸುದ್ದಿ ಏನೋ ಗೊತ್ತಾಗಿರ್ಬೇಕು, ಇವತ್ತು ಬೇಡ ಅಂದ್ರೆ ನನ್ನನ್ನ ಬೆಂಚಿನ ಮೇಲೆ ಕೂರಿಸಿ ಕೊಳೆಸ್ತಾರೋ, ಆಟದಿಂದಾನೇ ತೆಗೀತಾರೋ, ಅದನ್ನ ಅವನ ಎದುರಿಗೆ ಹೇಳೋಕಾಗ್ದೆ ಹೀಗೆ ಉಳಿಸ್ತಿದಾನೆ ಅಂದ್ಕೊಂಡೆ, ಪೆನ್ನು ಹಿಡ್ಕೊಂಡಾಗಲೂ ನಿನ್ನನ್ನೇ ನೋಡ್ದೆ, ಬೇಡ ಅನ್ನೋದಿದ್ರೆ ಈಗ ಅಂತೀಯ ಅಂತ, ನೀನು ಅನ್ನಲಿಲ್ಲ, ಹಾಕ್ಬಿಟ್ಟೆ. ಪೊಲೀಸಮ್ಮ ಸೀಟಿ ಊದುತ್ತಾಳೆ, ರೀ ಬಿಳಿ ಕಾರು, ಮುಂದೆ ಹೋಗ್ರೀ. ಕಾಯೊ ಹೊರಗಿಟ್ಟ ಕಾಲಿನ ಮೇಲೆ ಕೈಯೂರಿ, ಎದ್ದು ನಿಲ್ಲದೆ, ತಿರುಗಿದ. ಹೇಳು, ಏನದು, ಆ ಕಾರಣ? ಆಲ್ತಾ ಕೇಳ್ತಾಳೆ, ಅವಳಿಗೆ ಏನಾದ್ರೂ ಹೇಳ್ಬೇಕಲ್ಲ ನಾನು. ರೊಹೇಲಿಯೊ ಬಾಯಿ ತೆರೆದ, ರೆಕ್ಕೆ ಎಂದೇ, ನನ್ನ ಹೆಸರನ್ನು ಸರಿಯಾಗಿ ಕರೆದ ಎಂದೇ, ಅಮ್ಮನ ಮಾತು ಎಂದೇ, ಎಲ್ಲವೂ ನಾಲಿಗೆಯ ತುದಿಗೆ ಬಂದವು, ಒಂದೂ ಕಾರಣದ ಹಾಗೆ ಕಾಣಲಿಲ್ಲ, ಮತ್ತೆ ಸೀಟಿ, ಬಿಳಿ ಕಾರು, ಬಿಳಿ ಕಾರು, ಕಾಯೊ ಅಲುಗಾಡುತ್ತಿಲ್ಲ, ಕಾಯುತ್ತಿದ್ದಾನೆ, ಅವನ ಕಣ್ಣು ಕಣ್ಣಿನ ಮೇಲಿಲ್ಲ, ಬಾಯಿಯ ಮೇಲಿದೆ — ತೆರೆದ ಬಾಯಿ — ಅದರ ಮೇಲೆ ಅವನ ಕಣ್ಣು — ಬಾಯಿ — ಕಣ್ಣು —

ಯಾಕೆ ಹಾಗೆಂದ ಎಂಬುದು ರೊಹೇಲಿಯೊನಿಗೆ ಗೊತ್ತಿಲ್ಲ. ಇದನ್ನು ಹೇಳುತ್ತಿರುವವರಿಗೂ ಗೊತ್ತಿಲ್ಲ.